ಆಟದ ರೈಲಿಗೊಂದು ಮನೆ

ಬಿಳಿಗೆರೆಗೆ ರೈಲಿಲ್ಲ. ಆ ಊರಿನವರು ರೈಲು ಹತ್ತಬೇಕಾದರೆ ಬಸ್ಸು ಹಿಡಿದು ನಂಜನಗೂಡಿಗೆ ಹೋಗಬೇಕು. ಇನ್ನೊಂದು ದಿಕ್ಕಿನ ತಿರುಮಕೂಡಲು ನರಸೀಪುರಕ್ಕಂತೂ ರೈಲು ಇಂದಿಗೂ ಬಂದಿಲ್ಲ. ಇಂತಹ ಊರಿನಲ್ಲಿ ಒಬ್ಬರು ರೈಲಿಗಾಗಿಯೇ ಒಂದು ಮನೆ ಕಟ್ಟಿಸಲು ಹೊರಟಿದ್ದಾರೆಂದರೆ ವಾಚಕರು ನಗಬಹುದು. ಮೊದಲು ಕೇಳಿದಾಗ ನಾನೂ ನಕ್ಕೆನೆಂಬುದನ್ನು ಒಪ್ಪಿಕೊಂಡೇ ಮುಂದುವರಿಯುತ್ತೇನೆ.

ಅವರು ನಿವೃತ್ತ ಉಪಾಧ್ಯಾಯರು. ನನಗೆ ಹಿರಿಯ ಮಿತ್ರರು. ಕಾಲೇಜಿನಲ್ಲಿ ಓದುತ್ತಿದ್ದ ಕಾಲದಲ್ಲಿ ನಂಜನಗೂಡಿನಿಂದ ಮೈಸೂರಿಗೆ ನಿತ್ಯವೂ ರೈಲಿನಲ್ಲಿ ಓಡಾಡಿದವರು. ಒಂದು ಮೀಟರು ಅಗಲದ ಹಳಿಯ ಮೇಲೆ ಹೊಗೆ ಕಾರುತ್ತ ಹೋಗುತ್ತಿದ್ದ ಆ ಗಾಡಿಯ ಬೋಗಿಗಳನ್ನು ನಿವೃತ್ತರಾದ ಮೇಲೆ ಮರದಲ್ಲಿ ಕೆತ್ತತೊಡಗಿದರು. ಬೋಗಿಗಳು ಹೆಚ್ಚಿದವು, ಹಳಿ ಬೇಕಾಯಿತು, ಹಳಿಗೆ ಜಾಗ ಬೇಕಾಯಿತು. ಈಗ ಹಿತ್ತಲಿನಲ್ಲಿ, ಹಳೆಯ ಕೊಟ್ಟಿಗೆಯಿದ್ದ ನೆಲದಲ್ಲಿ, ಕಟ್ಟಡದ ಮಾತು ನಡೆದಿತ್ತು. ಕೂಡಿಟ್ಟ ಹಣ ಒಂದೇ ಕಟ್ಟಡಕ್ಕೆ ಸಾಲುವಷ್ಟು. ಬಾಡಿಗೆಗೆ ಕೊಡಬಹುದಾದ ಕೋಣೆಗಳಾಗಲಿ ಎಂಬುದು ಮನೆಯಾಕೆಯ ಮತ. ಕಿಟಕಿಯೇ ಇಲ್ಲದ ಒಂದು ದೊಡ್ಡ ಹಜಾರವಾಗಬೇಕೆಂಬುದು ಯಜಮಾನರ ಹಟ. ಮಧ್ಯಸ್ಥನೆಂದು ನನಗೆ ಕರೆ ಬಂದಿತು. ಕನ್ನಡ ಪಾಠ ಹೇಳುವವನಿಗೆ ಕಟ್ಟಡದ ವಿಷಯದಲ್ಲಿ ಏನು ಅಧಿಕಾರ? ಆದರೂ ಹೋದೆ.

ಗುತ್ತಿಗೆದಾರನು 12 ಅಡಿ ಅಗಲ, 50 ಅಡಿ ಉದ್ದದ ಒಂದು ನಕ್ಷೆ ಬರೆದುಕೊಟ್ಟಿದ್ದನು. ಮಿತ್ರರು ಅದನ್ನು ಪಕ್ಕಕ್ಕೆ ಸರಿಸಿ ನನ್ನನ್ನು ಮೇಜಿನ ಮುಂದೆ ನಿಲ್ಲಿಸಿ, "ಕೈ ಚಾಚಿ, ಬೆನ್ನು ಬಗ್ಗಿಸದೆ ಎಷ್ಟು ದೂರ ಮುಟ್ಟಬಲ್ಲಿರಿ, ನೋಡೋಣ" ಎಂದರು. ಎರಡೂವರೆ ಅಡಿ ಮುಟ್ಟಿತು. "ಹಾಗಾದರೆ ಗೋಡೆಯ ಮಗ್ಗುಲಿನ ಹಲಗೆಯ ಅಗಲ ಅಷ್ಟೇ. ಅದಕ್ಕಿಂತ ಆಚೆ ಒಂದು ಬೋಗಿ ಹಳಿ ತಪ್ಪಿದರೆ ಎತ್ತಿಡುವವರು ಯಾರು?" ಎಂದು ಕೇಳಿದರು. ನಡುವೆ ಒಂದು ದೊಡ್ಡ ಜಗಲಿ. ಎರಡು ಕಡೆಯಿಂದಲೂ ಕೈಗೆಟುಕುವುದರಿಂದ ಅದು 5 ಅಡಿ ಇರಬಹುದು. ಒಬ್ಬರು ನಿಂತಿರುವಾಗ ಇನ್ನೊಬ್ಬರು ದಾಟಿಹೋಗಲು ಎರಡು ಕಡೆಯೂ 3 ಅಡಿ ಓಣಿ. ಎರಡೂವರೆ, ಮೂರು, ಐದು, ಮೂರು, ಎರಡೂವರೆ: ಒಟ್ಟು 16 ಅಡಿ. ಗುತ್ತಿಗೆದಾರನ 12 ಅಡಿಯಲ್ಲಿ ನಡುವಿನ ಜಗಲಿಗೆ ಸ್ಥಳವೇ ಇಲ್ಲ. 16 ಅಡಿ ಅಗಲವಾದರೆ 40 ಅಡಿ ಉದ್ದವೇ ಸಾಕು.

ಆಗ ನನ್ನ ನಗು ನಿಂತಿತು. ಮನೆ ಕಟ್ಟುವಾಗ ನಾವು ಸಾಮಾನ್ಯವಾಗಿ ಗೋಡೆಗಳನ್ನು ಮೊದಲು ಗೊತ್ತುಮಾಡಿ, ಆಮೇಲೆ ಒಳಗೆ ಏನಿಡುವುದೆಂದು ಯೋಚಿಸುತ್ತೇವೆ. ಇಲ್ಲಿ ಮನುಷ್ಯನ ತೋಳಿನಿಂದ ಆರಂಭಿಸಿ ಗೋಡೆಯವರೆಗೆ ಲೆಕ್ಕ ನಡೆದಿತ್ತು.

ರೈಲಿನ ಅಳತೆಯೂ ಹೀಗೆಯೇ. ಕಿರುರೈಲು ಮಾಡುವವರಲ್ಲಿ ಬಹುಮಂದಿ ನಿಜದ 87ರಲ್ಲಿ ಒಂದು ಪಾಲಿನ ಪ್ರಮಾಣವನ್ನು ಅನುಸರಿಸುತ್ತಾರೆ. ಆ ಲೆಕ್ಕದಲ್ಲಿ ಒಂದು ಮೀಟರಿನ ಹಳಿ ಹನ್ನೊಂದೂವರೆ ಮಿಲಿಮೀಟರು ಆಗುತ್ತದೆ. 12 ಮಿಲಿಮೀಟರಿನ ಹಳಿ ಸಿದ್ಧವಾಗಿ ಸಿಕ್ಕುತ್ತದೆ. ಎಂಟು ಬೋಗಿಯ ಗಾಡಿ ಎಂಜಿನ್ನೂ ಸೇರಿ ಸುಮಾರು ಆರೂವರೆ ಅಡಿ. ಆದ್ದರಿಂದ ನಿಲ್ದಾಣದ ಹಳಿ 7 ಅಡಿಗಿಂತ ಕಡಿಮೆ ಇರುವಂತಿಲ್ಲ. ಏರು 50ಕ್ಕೆ ಒಂದಕ್ಕಿಂತ ಕಡಿದಾದರೆ ಎಂಜಿನ್ನು ಜಾರುವ ಭಯ. ಒಂದು ಹಳಿ ಇನ್ನೊಂದರ ಮೇಲೆ ಹಾಯಲು 4 ಅಂಗುಲ ಏರಬೇಕಾದರೆ ಸುಮಾರು 17 ಅಡಿ ಓಡಬೇಕು.

ಕಟ್ಟಡಕ್ಕೆ ಶತ್ರುಗಳೂ ಉಂಟು. ಮೊದಲನೆಯದು ಧೂಳು. ಹೆಂಚಿನ ಮಾಡಾದರೆ ಸಂದಿನಿಂದ ಉದುರುವ ಮಣ್ಣು ಹಳಿಯ ಮೇಲೆ ಕುಳಿತು ವಿದ್ಯುತ್ತನ್ನು ತಡೆಯುತ್ತದೆ. 12 ವೋಲ್ಟಿನ ಅಲ್ಪ ವಿದ್ಯುತ್ತು ಹಳಿಯಿಂದ ಗಾಲಿಗೆ, ಗಾಲಿಯಿಂದ ಮೋಟಾರಿಗೆ ಹರಿಯಬೇಕಾದ್ದರಿಂದ ಕೂದಲೆಳೆಯ ಕೊಳೆಯೂ ಗಾಡಿಯನ್ನು ನಿಲ್ಲಿಸಬಲ್ಲುದು. ಎರಡನೆಯದು ಬಿಸಿಲು, ಅದು ಬಣ್ಣವನ್ನು ತಿನ್ನುತ್ತದೆ, ಲೋಹವನ್ನು ಹಿಗ್ಗಿಸುತ್ತದೆ. 60 ಅಡಿ ಉದ್ದದ ಹಳಿ 20 ಡಿಗ್ರಿ ಬಿಸಿಯೇರಿದರೆ ಸುಮಾರು 6 ಮಿಲಿಮೀಟರು ಬೆಳೆಯುತ್ತದೆ. ಸಂದು ಬಿಡದೆ ಕೂಡಿಸಿದರೆ ಹಳಿ ಬಾಗಿ ಏಳುತ್ತದೆ. ಮೂರನೆಯದು ತೇವ, ಮಳೆಗಾಲದಲ್ಲಿ ಹಲಗೆ ಉಬ್ಬಿ ಬೇಸಗೆಯಲ್ಲಿ ಕುಗ್ಗುತ್ತದೆ. ನಾಲ್ಕನೆಯದು ಗೆದ್ದಲು. ಹಲಗೆಯ ಕಾಲುಗಳು ಕಬ್ಬಿಣದವೇ ಆಗಿರಬೇಕೆಂದು ಮಿತ್ರರು ಅದಕ್ಕಾಗಿಯೇ ನಿಶ್ಚಯಿಸಿದ್ದರು. ಹಲ್ಲಿಯನ್ನು ಮಾತ್ರ ಯಾವ ನಕ್ಷೆಯೂ ತಡೆಯಲಾರದು. ಅದು ಎರಡು ಹಳಿಗೂ ಮೈತಾಗಿಸಿ ಮಲಗಿದರೆ ಮೈಸೂರು ಗಾಡಿ ಕಡಕೊಳದಲ್ಲೇ ನಿಂತೀತೆಂದು ಅವರೇ ನಕ್ಕರು.

ಈ ಹುಚ್ಚು ನಮ್ಮ ಮಿತ್ರರೊಬ್ಬರದೇ ಅಲ್ಲ. ಪುಣೆಯ ಕೋತರೂಡಿನಲ್ಲಿ ಭಾವುಸಾಹೇಬ ಜೋಶಿಯವರು ಮೊದಲು ತಮ್ಮ ಕಿರುರೈಲನ್ನು ಕಳಚಿ, ಬೇರೆ ಬೇರೆ ಕಡೆ ಒಯ್ದು, ಮತ್ತೆ ಜೋಡಿಸಿ ಪ್ರದರ್ಶಿಸುತ್ತಿದ್ದರು. ಅದು ಬೆಳೆದು, ಹೊತ್ತೊಯ್ಯುವುದು ಕಷ್ಟವಾದಾಗ ಅದಕ್ಕೊಂದು ಸ್ಥಿರವಾದ ನೆಲೆಯನ್ನು ಕಲ್ಪಿಸಿದರು. 1998ರ ಏಪ್ರಿಲ್ 1ರಂದು ತೆರೆದ ಆ ಸಂಗ್ರಹಾಲಯಕ್ಕೆ ಇಂದು ಮಕ್ಕಳ ಕೈಹಿಡಿದು ಹಿರಿಯರು ಹೋಗುತ್ತಾರೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಇಬ್ಬರು ಸಹೋದರರು 2001ರಲ್ಲಿ ಹಳೆಯ ಉಗ್ರಾಣವೊಂದರಲ್ಲಿ ಹೂಡಿದ ಕಿರುರೈಲಿನ ಹಳಿ ಇಂದು 16 ಕಿಲೋಮೀಟರು ಮೀರಿದೆ. ಸ್ಥಳ ಸಾಲದೆ 2021ರಲ್ಲಿ ಕಾಲುವೆಗೆ ಅಡ್ಡಲಾಗಿ ಸೇತುವೆ ಕಟ್ಟಿ ಎದುರಿನ ಉಗ್ರಾಣಕ್ಕೂ ಅವರು ದಾಟಿದರು.

ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಇಂಗ್ಲೆಂಡಿನ ಒಂದು ಹಳ್ಳಿಯ ಕಥೆ. ಆಸ್ಟ್ರೇಲಿಯದಿಂದ ಬಂದ ರಾಯ್ ಇಂಗ್ಲೆಂಡ್ ಎಂಬವರು ಅಲ್ಲಿನ ಹುಲ್ಲುಮಾಡಿನ ಹಳೆಯ ಮನೆಗಳು ಒಂದೊಂದಾಗಿ ರೂಪಗೆಡುತ್ತಿರುವುದನ್ನು ಕಂಡರು. ಇರುವ ಹಾಗೆಯೇ ಅವನ್ನು ಕಿರಿದಾಗಿ ಮಾಡಿಡಬೇಕೆಂದು ತೊಡಗಿ, 1954ರಲ್ಲಿ ಲಾಂಗ್ ವಿಟ್ಟನ್‌ಹ್ಯಾಮ್ ಎಂಬಲ್ಲಿ ಪೆಂಡನ್ ಸಂಗ್ರಹಾಲಯವನ್ನು ಸ್ಥಾಪಿಸಿದರು. ಅಲ್ಲಿ ರೈಲೂ ಉಂಟು; 1930ರ ಸುಮಾರಿನ ಹೊಲ, ಬೇಲಿ, ಗುಡಿಸಲುಗಳೂ ಉಂಟು.

ನಮ್ಮ ಮಿತ್ರರ ಆಸೆಯೂ ಇಂಥದೇ. ಮೈಸೂರು ನಂಜನಗೂಡು ರೈಲುದಾರಿ ತೆರೆದದ್ದು 1891ರಲ್ಲಿ. ಈ ಶತಮಾನದ ಮೊದಲ ದಶಕದಲ್ಲಿ ಹಳಿ ಅಗಲವಾಗಿ, ಹಳೆಯ ಮೀಟರುಗೇಜು ಮರೆಯಾಯಿತು. ಅಗಲ ಹಳಿ ಊರಿಗೆ ಒಳ್ಳೆಯದನ್ನೇ ಮಾಡಿತು. ಅದಕ್ಕೆ ಅವರ ಆಕ್ಷೇಪಣೆಯಿಲ್ಲ. "ಮೈಸೂರಿನ ರೈಲು ಸಂಗ್ರಹಾಲಯದಲ್ಲಿ 1899ರ ಮಹಾರಾಣಿಯವರ ಸಲೂನು ಇದೆ, ಎಂಜಿನ್ನುಗಳಿವೆ. ಗಾಡಿಯನ್ನು ಸಂಗ್ರಹಾಲಯದಲ್ಲಿಡಬಹುದು, ನಾವು ಹೋಗುತ್ತಿದ್ದ ದಾರಿಯನ್ನು ಎಲ್ಲಿಡುವುದು?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಆದರೆ ದಾರಿಯಾದರೂ ಕೋಣೆಯಲ್ಲಿ ಹಿಡಿಯುವುದೇ? ಮೈಸೂರಿನಿಂದ ನಂಜನಗೂಡಿಗೆ ಸುಮಾರು 25 ಕಿಲೋಮೀಟರು. 87ರಿಂದ ಭಾಗಿಸಿದರೂ 287 ಮೀಟರು, ಎಂದರೆ 940 ಅಡಿ. ಅವರ ಕೋಣೆಯಲ್ಲಿ ಎಷ್ಟು ಸುತ್ತಿಸಿದರೂ ಹಳಿ 130 ಅಡಿ ಮೀರದು. ಏಳು ಪಾಲಿನಲ್ಲಿ ಆರು ಪಾಲನ್ನು ಬಿಡಲೇಬೇಕು. ಕಡಕೊಳ, ತಾಂಡವಪುರ, ಸುಜಾತಾಪುರ: ಯಾವುದಿರಬೇಕು, ಯಾವುದು ಹೋಗಬೇಕು? ಅವರು ಬರೆದು ಹೊಡೆದುಹಾಕಿದ ಕಾಗದಗಳನ್ನು ನೋಡಿದಾಗ ಈ ಕಟ್ಟಡದ ಕಠಿಣವಾದ ಕೆಲಸ ಗಾರೆ ಇಟ್ಟಿಗೆಗಳದಲ್ಲವೆಂದು ತಿಳಿಯಿತು. ಕೊನೆಗೆ ತಾಂಡವಪುರವನ್ನೂ ಬಿಟ್ಟರು. ನಂಜನಗೂಡು ನಿಲ್ದಾಣದಲ್ಲಿ ಒಂದು ಬೆಂಚನ್ನು ಮಾತ್ರ ಬಿಡಲೊಲ್ಲರು. ತಮ್ಮನ್ನು ಕಾಲೇಜಿಗೆ ಸೇರಿಸಿದ ದಿನ ತಂದೆಯವರು ಗಾಡಿ ಹೊರಡುವವರೆಗೂ ಅದರ ಮೇಲೆ ಕುಳಿತಿದ್ದರಂತೆ. 87ರ ಲೆಕ್ಕದಲ್ಲಿ ಅದು ಒಂದು ಅಂಗುಲವೂ ಆಗದು.

ಬಿಡಲಾರದ ಇನ್ನೊಂದು ವಸ್ತು ಕಪಿಲೆಯ ಹಳೆಯ ಸೇತುವೆ. ಸುಮಾರು 225 ಮೀಟರಿನ ಆ ಸೇತುವೆ ಕೋಣೆಯಲ್ಲಿ ಎಂಟೂವರೆ ಅಡಿಯಾಗುತ್ತದೆ. ಒಂದು ಕಮಾನನ್ನೂ ಕಳೆಯದೆ ಪೂರ್ತಿಯಾಗಿ ಹಿಡಿಯುತ್ತದೆ. ಅದನ್ನು ದಳವಾಯಿ ದೇವರಾಜಯ್ಯನವರು ಕಟ್ಟಿಸಿದ್ದು 1735ರಲ್ಲಿ. ರೈಲು ಎಂಬ ಮಾತೇ ಹುಟ್ಟಿರದ ಕಾಲ. ಅದರ ಮೇಲೆ ರೈಲು ಬಂದದ್ದು 156 ವರ್ಷಗಳ ಮೇಲೆ. ಮುಂದೆ ಬಂಡಿ, ಬಸ್ಸು, ರೈಲು ಎಲ್ಲವೂ ಅದೊಂದರ ಮೇಲೆಯೇ ಸಾಗಿದವು. ರೈಲು ಪಕ್ಕದ ಹೊಸ ಸೇತುವೆಗೆ ಹೋದ ಮೇಲೂ ಅದು ನಿಂತಿದೆ.

ಇದನ್ನೆಲ್ಲ ಬಾಗಿಲ ಬಳಿ ನಿಂತು ಕೇಳುತ್ತಿದ್ದ ಮನೆಯಾಕೆ, "ಹಾಗಾದರೆ ಈ ಮನೆಯೂ ಹಾಗೆಯೇ ಇರಲಿ. ಕಿಟಕಿ ಇಡಿಸಿ, ಬಿಸಿಲು ಧೂಳು ಬೇಡವೆಂದರೆ ಬಾಗಿಲು ಮುಚ್ಚಿಕೊಳ್ಳಿ. ನಿಮ್ಮ ರೈಲು ನಿಂತ ದಿನ ಒಳಗೆ ಇರುವವರಿಗೆ ಗಾಳಿ ಬೇಕಲ್ಲ" ಎಂದರು. ಮಿತ್ರರು ಬಹಳ ಹೊತ್ತು ಮಾತಾಡಲಿಲ್ಲ.

ಮಧ್ಯಸ್ಥನಾಗಿ ನಾನು ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ. ನಕ್ಷೆಯನ್ನು ಮತ್ತೆ ಬರೆದರು. ಅಗಲ 16 ಅಡಿಯೇ, ನಡುವೆ ಕಂಬವಿಲ್ಲ, ಧೂಳುದುರದ ತಾರಸಿ. ತಾರಸಿಯ ಕೆಳಗೆ ಎರಡು ಕಡೆ ಅಡ್ಡ ತೊಲೆ. ಮುಂದೆ ಎಂದಾದರೂ ಅವುಗಳ ಕೆಳಗೆ ಗೋಡೆ ಎತ್ತಿದರೆ ಮೂರು ಕೋಣೆಗಳಾದಾವು. ಮೂರಕ್ಕೂ ಕಿಟಕಿಯುಂಟು, ಮೂರಕ್ಕೂ ಬಾಗಿಲು ತೆರೆಯಲು ಸ್ಥಳವುಂಟು. ಒಂದೇ ಉದ್ದೇಶಕ್ಕೆಂದು ಕಟ್ಟಿದ ಮನೆಯು ಆ ಉದ್ದೇಶ ತೀರಿದ ಮೇಲೂ ಬಾಳಬೇಕು. ಆ ಉದ್ದೇಶವಿರುವವರೆಗೆ ಅದಕ್ಕೆ ಒಂದಂಗುಲವೂ ಕೊರತೆಯಾಗಬಾರದು. ಈ ಎರಡನ್ನೂ ಕೂಡಿಸುವುದು ಸಾಧ್ಯವೆಂದು ನಾನು ಬಿಳಿಗೆರೆಯಲ್ಲಿ ಕಲಿತೆ.

ಸಂಜೆ ಹಿತ್ತಲಿನಲ್ಲಿ ಗೂಟ ನೆಟ್ಟು ದಾರ ಕಟ್ಟಿದೆವು. ಮಿತ್ರರು ಸೇತುವೆ ಬರುವ ಜಾಗದಲ್ಲಿ ನಿಂತು ಕೈಚಾಚಿ ನೋಡಿದರು. ಮನೆಯಾಕೆ ಕಿಟಕಿ ಬರುವ ಜಾಗದಲ್ಲಿ ನಿಂತು ಗಾಳಿ ಯಾವ ಕಡೆಯಿಂದ ಬೀಸುವುದೆಂದು ನೋಡಿದರು. ನಾನು ನಂಜನಗೂಡಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟೆ.