ಪರದೆಗೂ ಒಂದು ಪರೀಕ್ಷೆ

ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದೊಡನೆ ವಿದ್ಯಾರ್ಥಿಯ ಮುಖ ಬಾಡುವುದು ಸಹಜ. ಆದರೆ ನಾನಿಲ್ಲಿ ಹೇಳಹೊರಟಿರುವುದು ನಾವು ಬರೆಯುವ ಪರೀಕ್ಷೆಯ ವಿಚಾರವಲ್ಲ. ಕಂಪ್ಯೂಟರಿನ ಮತ್ತು ಫೋನಿನ ಪರದೆ ಎದುರಿಸಬೇಕಾದ ಪರೀಕ್ಷೆಯ ವಿಚಾರ. ಕಲಾ ವಿಭಾಗದವನಿಗೇಕೆ ಈ ಉಸಾಬರಿ ಎಂದು ಮಿತ್ರರು ಕೇಳಿಯಾರು. ನಮ್ಮ ಮನೆಯಲ್ಲಿ ಪದವಿ ತರಗತಿಯ ಬಾಗಿಲು ಕಂಡವನು ನಾನೇ ಮೊದಲಿಗ. ಆದಕಾರಣ ಮನೆಯವರದಷ್ಟೇ ಅಲ್ಲ, ಕೇರಿಯವರ ಅರ್ಜಿಗಳೂ ನನ್ನ ಕೈಗೇ ಬರುತ್ತವೆ. ಕಡೆಯ ದಿನದ ರಾತ್ರಿ, ಎಲ್ಲವನ್ನೂ ತುಂಬಿದ ಮೇಲೆ, ‘ಸಲ್ಲಿಸಿ’ ಎಂಬ ಗುಂಡಿಯನ್ನು ಎಷ್ಟು ಒತ್ತಿದರೂ ಪರದೆ ಮಿಸುಕದೆ ಕುಳಿತರೆ ಆಗುವ ಸಂಕಟ ನಮ್ಮಲ್ಲಿ ಯಾರಿಗೆ ತಿಳಿಯದು? ವಿದ್ಯಾರ್ಥಿವೇತನವೊಂದು ಹೋಯಿತೆಂದರೆ ಕೆಲವರಿಗೆ ಒಂದು ವರ್ಷದ ಓದೇ ಹೋದಂತೆ. ಓದು ಬಾರದ ಹಿರಿಯರಂತೂ ತಪ್ಪು ತಮ್ಮದೇ ಎಂದುಕೊಂಡು ಸುಮ್ಮನೆ ಎದ್ದುಹೋಗುತ್ತಾರೆ.

ಪ್ರೋಗ್ರಾಮು ಬರೆಯುವವರಲ್ಲಿ ‘ಯೂನಿಟ್ ಟೆಸ್ಟ್’ ಎಂಬ ಪದ್ಧತಿಯೊಂದುಂಟು. ಪ್ರೋಗ್ರಾಮಿನ ಒಂದು ಸಣ್ಣ ಭಾಗವನ್ನು ಬೇರೆಯಾಗಿ ನಿಲ್ಲಿಸಿ, ಇಂಥದನ್ನು ಕೊಟ್ಟರೆ ಇಂಥದು ಬರಬೇಕೆಂದು ಮೊದಲೇ ಬರೆದಿಟ್ಟು, ಬಂದುದನ್ನು ಯಂತ್ರದಿಂದಲೇ ತಾಳೆ ನೋಡಿಸುವುದು. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಎಂಬಿಬ್ಬರು 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಕುಳಿತು, ಜಾವಾ ಭಾಷೆಗೆಂದು ‘ಜೆಯೂನಿಟ್’ ಎಂಬ ಸಾಧನವನ್ನು ಬರೆಯತೊಡಗಿದರು. ಅಲ್ಲಿಂದೀಚೆಗೆ ಈ ಪದ್ಧತಿ ಬಹುವಾಗಿ ಹಬ್ಬಿತು. ಬಡ್ಡಿಯ ಲೆಕ್ಕ, ಅಂಕಗಳ ಮೊತ್ತ ಮುಂತಾದುವಕ್ಕೆ ಇಂಥ ಪರೀಕ್ಷೆ ಬರೆಯುವುದು ಸುಲಭ. ಪರದೆಯ ವಿಷಯ ಹಾಗಲ್ಲ. ಅದರ ಮುಂದೆ ಮನುಷ್ಯನಿದ್ದಾನೆ; ಅವನು ಬರೆದು ಅಳಿಸುತ್ತಾನೆ, ತಾಳ್ಮೆಗೆಟ್ಟು ಎರಡೆರಡು ಸಲ ಒತ್ತುತ್ತಾನೆ, ನಡುವೆ ನೆಟ್‌ವರ್ಕು ಹೋಗುತ್ತದೆ. ಆದುದರಿಂದಲೇ, ಪರದೆಗೆ ಪರೀಕ್ಷೆ ಬರೆಯುವುದು ವ್ಯರ್ಥ, ಒಮ್ಮೆ ಕಣ್ಣಿನಿಂದ ನೋಡಿದರೆ ಸಾಕು ಎಂಬ ವಾದ ಹುಟ್ಟಿದೆ. ಈ ವಾದವನ್ನು ನಾನು ಒಪ್ಪಲಾರೆ. ನೋಡಿದ ಕಣ್ಣು ಪ್ರೋಗ್ರಾಮು ಬರೆದವನದೇ. ಯಾವುದು ಸರಿಯಾದ ದಾರಿಯೋ ಆ ದಾರಿಯಲ್ಲೇ ಅವನ ಬೆರಳು ನಡೆಯುತ್ತದೆ.

ಆದರೆ ಪರೀಕ್ಷೆ ಬರೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಎಲ್ಲಿ ನಿಂತು ಬರೆದರೆಂಬುದೇ ಮುಖ್ಯ. ಅನೇಕರು ಪ್ರೋಗ್ರಾಮಿನ ಒಳಗೆ ನಿಂತು ಬರೆಯುತ್ತಾರೆ. ಒಳಗಿನ ಇಂಥ ಹೆಸರಿನ ಭಾಗ ಓಡಿತೇ, ಇಂಥ ಬೆಲೆ ಬದಲಾಯಿತೇ ಎಂದು ಕೇಳುತ್ತಾರೆ. ಇದು ನಾಟಕವನ್ನು ನೇಪಥ್ಯದಲ್ಲಿ ಕುಳಿತು ನೋಡಿ ವಿಮರ್ಶೆ ಬರೆದಂತೆ. ಒಳಗೆ ಎಲ್ಲವೂ ಓಡಿ, ಹೊರಗೆ ಗುಂಡಿಯೇ ಕಾಣದಿದ್ದರೂ ಪರೀಕ್ಷೆ ಪಾಸಾದೀತು! ಇನ್ನೊಂದು ಬಗೆ ‘ಸ್ನ್ಯಾಪ್‌ಶಾಟ್’. ಫೇಸ್‌ಬುಕ್ಕಿನವರ ‘ಜೆಸ್ಟ್’ ಎಂಬ ಸಾಧನಕ್ಕೆ 2016ರಲ್ಲಿ ಇದು ಸೇರಿತು. ಇಂದಿನ ಪುಟದ ನಕಲನ್ನು ತೆಗೆದಿಟ್ಟು ನಾಳೆಯ ಪುಟದೊಡನೆ ಹೋಲಿಸುವುದು ಇದರ ರೀತಿ. ಒಂದು ಪದ ತಿದ್ದಿದರೂ ಸಾಕು, ಕೆಂಪು ಬಣ್ಣ ಬರುತ್ತದೆ. ಬೇಸತ್ತವರು ‘ಯು’ ಕೀಲಿಯೊಂದನ್ನು ಒತ್ತಿ ಹೊಸ ನಕಲನ್ನೇ ಸರಿಯೆಂದು ಒಪ್ಪಿಬಿಡುತ್ತಾರೆ. ಓದಿ ನೋಡುವವರಿದ್ದರೆ ಇದಕ್ಕೂ ಉಪಯೋಗವುಂಟು, ಇಲ್ಲವೆಂದಲ್ಲ. ಆದರೆ ಓದುವವರು ವಿರಳ.

ಕೆಂಟ್ ಸಿ. ಡಾಡ್ಸ್ ಎಂಬಾತ 2018ರಲ್ಲಿ ಹೊರತಂದ ‘ಟೆಸ್ಟಿಂಗ್ ಲೈಬ್ರರಿ’ಯ ಮಾರ್ಗವೇ ನನಗೆ ಹಿಡಿಸಿದ್ದು. (ಹೆಸರಿನಲ್ಲಿ ಲೈಬ್ರರಿ ಇದ್ದರೂ ಪುಸ್ತಕಗಳಿಗೂ ಇದಕ್ಕೂ ಸಂಬಂಧವಿಲ್ಲ.) ಇದರಲ್ಲಿ ಗುಂಡಿಯನ್ನು ಹುಡುಕುವುದು ಅದರ ಒಳಹೆಸರಿನಿಂದಲ್ಲ, ‘ಸಲ್ಲಿಸಿ’ ಎಂದು ಹೆಸರುಳ್ಳ ಗುಂಡಿ ಎಲ್ಲಿದೆ ಎಂದು ಬಳಸುವವನಂತೆಯೇ ಹುಡುಕುವುದು. ಇದರಿಂದ ಇನ್ನೊಂದು ಲಾಭವಾಗುತ್ತದೆ. ಕಣ್ಣು ಕಾಣದವರು ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ಬಳಸುವುದು ಸರಿಯಷ್ಟೆ. ಗುಂಡಿಯ ಮೇಲೆ ಬರಿಯ ಚಿತ್ರವಿದ್ದು ಹೆಸರೇ ಇಲ್ಲದಿದ್ದರೆ ಆ ತಂತ್ರಾಂಶ ಏನನ್ನು ಓದೀತು? ಹೆಸರಿಲ್ಲದ ಗುಂಡಿ ಪರೀಕ್ಷೆಗೂ ಸಿಕ್ಕುವುದಿಲ್ಲ. ಕೊರತೆ ಆ ಕ್ಷಣವೇ ಬಯಲಾಗುತ್ತದೆ.

ನಮ್ಮ ಗ್ರಂಥಾಲಯದಲ್ಲಿ ಪುಸ್ತಕ ಕಾದಿರಿಸಲು ನಾವು ಮೂವರು ಗೆಳೆಯರು ಈ ವರ್ಷ ಒಂದು ಪುಟವನ್ನು ಸಿದ್ಧಪಡಿಸಿದೆವು. ಅದಕ್ಕೆ 23 ಪರೀಕ್ಷೆಗಳಿವೆ. ಗುಂಡಿಯನ್ನು ಎರಡು ಸಲ ಒತ್ತಿದರೂ ಪುಸ್ತಕ ಒಂದೇ ಸಲ ದಾಖಲಾಗಬೇಕು, ಸಂಪರ್ಕ ಕಡಿದರೆ ಬರೆದದ್ದು ಅಳಿಯದೆ, ಆದದ್ದೇನೆಂದು ಕನ್ನಡದಲ್ಲಿ ತಿಳಿಸಬೇಕು, ಹೀಗೆ. ಇವುಗಳಲ್ಲಿ ನನಗೆ ಬಲು ಪ್ರಿಯವಾದದ್ದು ಹೆಸರಿನ ಪರೀಕ್ಷೆ. ‘ಮಲ್ಲಿಕಾರ್ಜುನಸ್ವಾಮಿ’ ನಮ್ಮ ಕಣ್ಣಿಗೆ 7 ಅಕ್ಷರ. ಪುಟಗಳು ನಡೆಯುವ ಜಾವಾಸ್ಕ್ರಿಪ್ಟ್ ಭಾಷೆಯಾದರೋ ವ್ಯಂಜನ, ವಿರಾಮ, ಸ್ವರಚಿಹ್ನೆಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸಿ 18 ಎನ್ನುತ್ತದೆ. ಇಂಗ್ಲಿಷ್ ಹೆಸರುಗಳನ್ನಷ್ಟೇ ಮನಸ್ಸಿನಲ್ಲಿಟ್ಟು ಹೆಸರಿಗೆ 15ರ ಮಿತಿ ಹಾಕಿದರೆ ಪಾಪ, ಆತ ‘ಮಲ್ಲಿಕಾರ್ಜುನಸ್ವ’ ಎಂದೇ ನಿಂತುಬಿಡಬಹುದು. ಆಧಾರ್ ಚೀಟಿಯ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆಯಾಗದೆ ಅಲೆದವರ ಕಷ್ಟವನ್ನು ಬಲ್ಲವರಿಗೆ ಇದು ನಗುವ ಮಾತಲ್ಲ.

ಈ ಪರೀಕ್ಷೆಗಳಿಗೂ ಮಿತಿಯುಂಟು. ಪರೀಕ್ಷೆಯಿಂದ ದೋಷವಿದೆಯೆಂದು ತೋರಿಸಬಹುದೇ ಹೊರತು ದೋಷವೇ ಇಲ್ಲವೆಂದು ತೋರಿಸಲಾಗದು ಎಂಬುದನ್ನು ಡೈಕ್‌ಸ್ಟ್ರಾ ಮಹಾಶಯರು 1969ರಷ್ಟು ಹಿಂದೆಯೇ ರೋಮ್ ನಗರದ ಸಮ್ಮೇಳನದಲ್ಲಿ ಎತ್ತಿ ಆಡಿದ್ದರು. ಸಾಲದುದಕ್ಕೆ ಇಂಥ ಪರೀಕ್ಷೆಗಳು ಸಾಮಾನ್ಯವಾಗಿ ನಡೆಯುವುದು ‘ಜೆಎಸ್‌ಡಾಮ್’ ಎಂಬ ಸೋಗಿನ ಬ್ರೌಸರಿನಲ್ಲಿ. ಅದು ಪುಟದ ರಚನೆಯನ್ನು ಬಲ್ಲದು. ಯಾವುದು ಎಲ್ಲಿ ಕೂರುತ್ತದೆಂಬುದನ್ನು ಅಳೆಯದು, ಬಣ್ಣ ಬಳಿಯದು. ಅಗ್ಗದ ಫೋನಿನ ಸಣ್ಣ ಪರದೆಯಲ್ಲಿ ಗುಂಡಿಯ ಮೇಲೆ ಜಾಹೀರಾತು ಕುಳಿತಿದ್ದರೆ ಅದಕ್ಕೆ ಗೊತ್ತಾಗದು. ಅದಕ್ಕಾಗಿ ನಿಜವಾದ ಬ್ರೌಸರನ್ನೇ ಓಡಿಸುವ ಸೆಲೆನಿಯಮ್‌ನಂಥ ಸಾಧನಗಳು 2004ರಿಂದಲೂ ಇವೆ. ಅವು ನಿಧಾನ, ಆದುದರಿಂದ ಮುಖ್ಯವಾದ ನಾಲ್ಕಾರು ದಾರಿಗಳಿಗೆ ಮಾತ್ರ ಅವನ್ನು ಇಟ್ಟುಕೊಂಡು, ಉಳಿದ ಸಣ್ಣವುಗಳನ್ನು ಪ್ರತಿ ತಿದ್ದುಪಡಿಯ ಬೆನ್ನಿಗೇ ಓಡಿಸುವುದು ಮೇಲು. ನಮ್ಮ 23ಕ್ಕೆ ಹಿಡಿಯುವ ಹೊತ್ತು ಹಾಜರಿ ಕೂಗುವ ಹೊತ್ತಿಗಿಂತ ಕಡಿಮೆ.

ಸೇತುವೆಯನ್ನು ಭಾರ ಹೊರಿಸಿ ನೋಡದೆ ಒಪ್ಪಿಸಿಕೊಂಡರೆ ಜನ ಸುಮ್ಮನಿರುವರೇ? ಜನರ ಅರ್ಜಿಗಳಿಗೆಂದು ಪುಟ ಮಾಡಿಸುವ ಕಚೇರಿಗಳು, ಕೆಲಸ ಒಪ್ಪಿಸಿಕೊಳ್ಳುವ ಮುನ್ನ ಪರೀಕ್ಷೆಗಳನ್ನೂ ಕೇಳಿ ಪಡೆಯಬೇಕು. ಅವುಗಳ ಪಟ್ಟಿಯನ್ನು ಸರಳ ಕನ್ನಡದಲ್ಲಿ ಪ್ರಕಟಿಸಲೂ ಬೇಕು. ಅಂಥ ಪಟ್ಟಿ ಬರೆಯಲು ಪ್ರೋಗ್ರಾಮು ಬರಲೇಬೇಕೆಂದಿಲ್ಲ. ಅರ್ಜಿ ತುಂಬುವಾಗ ಜನ ಎಲ್ಲಿ ಎಡವುತ್ತಾರೆಂದು ಬಲ್ಲವರು ಬೇಕು. ಅಂಥವರು ನಮ್ಮ ಪ್ರತಿಯೊಂದು ತರಗತಿಯಲ್ಲಿಯೂ ಇದ್ದಾರೆ.

ನಮ್ಮ ಪುಟಕ್ಕೆ ಬರೆಯದೆ ಉಳಿದಿರುವ ಪರೀಕ್ಷೆಯೊಂದಿದೆ. ಒಂದೇ ಫೋನನ್ನು ಅಕ್ಕತಂಗಿಯರಿಬ್ಬರು ಬಳಸುವ ಮನೆಗಳು ನಮ್ಮಲ್ಲಿ ಬಹಳ. ಅಕ್ಕ ಕಾದಿರಿಸಿದ ಪುಸ್ತಕ ತಂಗಿಯ ಹೆಸರಿಗೆ ಹೋಗಕೂಡದು. ಎರಡನೆಯ ವರ್ಷದವರಲ್ಲಿ ಆಸಕ್ತರಿದ್ದರೆ ಗ್ರಂಥಪಾಲಕರನ್ನು ಕಾಣಬಹುದು. ಪ್ರೋಗ್ರಾಮಿನ ಪ್ರತಿಯನ್ನು ಅವರಲ್ಲಿ ಕೊಟ್ಟಿದ್ದೇವೆ.