‘ತೆಗೆ’ ಎಂದ ಮಾತ್ರಕ್ಕೆ

ಬಾಗಿಲು ತೆಗೆ ಎಂದರೆ ಬಾಗಿಲನ್ನು ಕಿತ್ತು ಬೀದಿಗೆ ಎಸೆಯುವ ಹುಡುಗನನ್ನು ನಾನು ಕಂಡಿಲ್ಲ. ಮುಳ್ಳು ತೆಗೆ ಎಂದರೆ ಬೀಗದ ಕೈ ಹುಡುಕುವವರೂ ಇಲ್ಲ. ಸಾಲ ತೆಗೆಯುವುದು, ಪಟ ತೆಗೆಯುವುದು, ಬೆಣ್ಣೆ ತೆಗೆಯುವುದು, ಜಗಳ ತೆಗೆಯುವುದು; ಒಂದೇ ಕ್ರಿಯಾಪದಕ್ಕೆ ಎಷ್ಟೊಂದು ದುಡಿಮೆ! ನಮ್ಮ ಕೋಲಾರದ ಸೀಮೆಯಲ್ಲಿ ಕನ್ನಡದೊಡನೆ ಕೇಳಿಬರುವ ತೆಲುಗಿನ ‘ತಿಯ್ಯಿ’ಗೂ ಇದೇ ಚಾಳಿ. ಆದರೂ ಯಾರೂ ತಪ್ಪುವುದಿಲ್ಲ. ಹೇಳುವವರ ಮುಖ, ಎದುರಿನ ಬಾಗಿಲು, ಕಾಲಿನ ಮುಳ್ಳು, ಇವೇ ಅರ್ಥವನ್ನು ತಿಳಿಸಿಬಿಡುತ್ತವೆ. ಇವೊಂದೂ ಕಾಣದವನಿಗೆ ಏನು ಗತಿ?

ಈ ಪ್ರಶ್ನೆ ನನಗೆ ವ್ಯಾಕರಣದಿಂದ ಹುಟ್ಟಿದ್ದಲ್ಲ. ವಕ್ಕಲೇರಿಯ ನಮ್ಮ ಮನೆಯ ಕಾಗದಗಳಿಂದ ಹುಟ್ಟಿದ್ದು. ತಂದೆಯವರ ಪತ್ರಗಳ ಪೆಟ್ಟಿಗೆಗೆ ಗೆದ್ದಲು ಹತ್ತಿದ್ದಾಗ, ಅಳಿದುಳಿದ 41 ಪತ್ರಗಳ ಪಟ ಹಿಡಿದು ನನ್ನ ತಂಗಿಯ ಮಗ ಕಂಪ್ಯೂಟರಿನಲ್ಲಿ ಇಟ್ಟಿದ್ದ. ಕಾಗದಗಳು ಮುಂದಿನ ಮಳೆಗಾಲವನ್ನು ಕಾಣಲಿಲ್ಲ.

ಈಗ ಕಂಪ್ಯೂಟರನ್ನು ತಾವೇ ನಡೆಸಬಲ್ಲ ಕೃತಕ ಬುದ್ಧಿಯ ಏಜೆಂಟುಗಳು ಬಂದಿವೆಯಷ್ಟೆ. 2024ರ ಅಕ್ಟೋಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆಯವರು ತಮ್ಮ ‘ಕ್ಲಾಡ್’ಗೆ ಪರದೆಯ ಚಿತ್ರ ನೋಡಿ ಮೌಸ್ ಸರಿಸುವ, ಕೀಲಿ ಒತ್ತುವ ವಿದ್ಯೆಯನ್ನು ಪ್ರಯೋಗರೂಪದಲ್ಲಿ ಕೊಟ್ಟರು. ಇಂಥ ಏಜೆಂಟಿನ ಕೈಕಾಲುಗಳೆಂದರೆ ಅದಕ್ಕೆ ನಾವು ಒದಗಿಸುವ ಟೂಲುಗಳು, ಅರ್ಥಾತ್ ಸಲಕರಣೆಗಳು. ಪ್ರತಿಯೊಂದು ಸಲಕರಣೆಗೂ ಒಂದು ಹೆಸರು, ಕೆಲವು ಸಾಲಿನ ವಿವರಣೆ, ಅದಕ್ಕೆ ಕೊಡಬೇಕಾದ ವಿವರಗಳ ಪಟ್ಟಿ. ಸಲಕರಣೆಯ ಒಡಲಲ್ಲಿ ಏನಿದೆಯೆಂದು ಏಜೆಂಟು ಸಾಮಾನ್ಯವಾಗಿ ನೋಡಲಾರದು. ವಿವರಣೆಯನ್ನು ನಂಬಿಯೇ ಅದು ಕೈ ಹಾಕಬೇಕು.

ಸೋದರಳಿಯ ತನ್ನ ಕಚೇರಿಯ ಹಳೆಯ ಕಡತಗಳನ್ನು ಅಳಿಸಲೆಂದು ಒಂದು ಸಲಕರಣೆ ಮಾಡಿಕೊಂಡಿದ್ದ. ವಿವರಣೆಯಾಗಿ ಬರೆದದ್ದು ಎರಡೇ ಮಾತು: ‘ಕಡತ ತೆಗೆಯುತ್ತದೆ’. ನಾನು ಒಂದು ಭಾನುವಾರ ಏಜೆಂಟನ್ನು, ಪತ್ರಗಳನ್ನು ಓದಿ ಇಸವಿಯಂತೆ ಪಟ್ಟಿ ಮಾಡೆಂದು ಕೇಳಿದೆ. ಓದಬೇಕಾದರೆ ಕಡತವನ್ನು ತೆಗೆಯಬೇಕಲ್ಲವೇ? 41ನ್ನೂ ಒಟ್ಟಿಗೆ ತೆಗೆಯಿತು. ಸಲಕರಣೆಯು ಪ್ರತಿಸಲವೂ ‘ಆಯಿತು’ ಎಂದಿತೇ ಹೊರತು, ಏನಾಯಿತೆಂದು ಹೇಳಲಿಲ್ಲ. ಕಂಪ್ಯೂಟರಿನ ಕಸದ ಬುಟ್ಟಿಯಲ್ಲೂ ಸಿಕ್ಕಲಿಲ್ಲ. ಬುಟ್ಟಿಗೆ ಬೀಳದೆ ನೇರವಾಗಿ ಅಳಿಯುವಂತೆ ಹುಡುಗ ಏರ್ಪಡಿಸಿದ್ದ. ತಂಗಿಯ ಫೋನಿನಲ್ಲಿ 34 ಪಟಗಳಿದ್ದವು. ಏಳು ಹೋದವು.

“ಮಾವ, ನಾನು ಬರೆದಾಗ ನನಗೆ ಸ್ಪಷ್ಟವಾಗಿಯೇ ಇತ್ತು” ಎಂದ. ಇದ್ದಿರಬೇಕು. ಬರೆದವನಿಗೆ ತನ್ನ ಬರಹ ಎಂದು ತಾನೇ ಅಸ್ಪಷ್ಟವಾಗಿದ್ದೀತು?

ನಮ್ಮೂರಿನ ಹೆಸರು ಹೊತ್ತ ಒಂದು ತಾಮ್ರಶಾಸನವಿದೆ. ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನು ಕ್ರಿ.ಶ. 757ರಲ್ಲಿ ಬರೆಸಿದ್ದು. ಅವನ ತಂದೆ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದೂ ಹಾಳುಗೆಡವದ ಸಂಗತಿಗಾಗಿ ವಿದ್ವಾಂಸರು ಅದನ್ನು ಓದುತ್ತಾರೆ. ಆ ಭಾನುವಾರದ ತರುವಾಯ ನನ್ನ ಕಣ್ಣು ನೆಟ್ಟದ್ದು ಅದರ ದಾನದ ಭಾಗದಲ್ಲಿ. ದಾನವಾದ ಊರು ಇಲ್ಲಿಯದಲ್ಲ, ಎಲ್ಲೋ ಹಾನಗಲ್ಲಿನ ಕಡೆಯದು. ಕೊಟ್ಟವರಾರು, ಪಡೆದವರಾರು, ಯಾವ ವರ್ಷ, ಯಾವ ತಿಥಿ, ಆ ಊರು ಯಾವ ಯಾವ ಊರುಗಳ ನಡುವೆ ಇದೆ, ಎಲ್ಲವನ್ನೂ ಹೆಸರು ಹಿಡಿದು ಹೇಳಿದೆ. ತಗಡುಗಳು ನಾಡಿನ ಈ ಅಂಚಿಗೆ ಬಂದು ಸೇರಿದರೂ ಮಾತು ಮಾತ್ರ ಆ ಊರನ್ನೇ ತೋರಿಸುತ್ತಿದೆ. ತಾನು ಓದುಗನ ಪಕ್ಕದಲ್ಲಿ ನಿಂತು ಬೆರಳು ತೋರಿಸಲಾರೆನೆಂಬುದು ಅದನ್ನು ಬರೆದವನಿಗೆ ತಿಳಿದಿತ್ತು.

ಇದನ್ನು ಹೇಳಿದಾಗ ಹುಡುಗ ನಕ್ಕ. ಆದರೆ ಕುಳಿತು ತಿದ್ದಿದ. ಈಗ ಸಲಕರಣೆ ಒಂದಲ್ಲ, ಎರಡು. ಮೊದಲನೆಯದರ ವಿವರಣೆ ಹೀಗಿದೆ: ‘ಕಡತವನ್ನು ಓದುವುದಕ್ಕಾಗಿ ತೆರೆಯುತ್ತದೆ. ಅದರಲ್ಲಿ ಏನನ್ನೂ ಬದಲಾಯಿಸುವುದಿಲ್ಲ. ಕಡತದ ಪೂರ್ಣ ವಿಳಾಸ ಕೊಡಬೇಕು. ಸಿಗದಿದ್ದರೆ ಸಿಗಲಿಲ್ಲವೆಂದು ತಿಳಿಸಿ ನಿಲ್ಲುತ್ತದೆ.’ ಎರಡನೆಯದು: ‘ಕಡತವನ್ನು ಶಾಶ್ವತವಾಗಿ ಅಳಿಸುತ್ತದೆ. ಮರಳಿ ಪಡೆಯಲಾಗದು. ಓದುವುದಕ್ಕೆ ಇದನ್ನು ಬಳಸಬಾರದು. ಮಾಲೀಕರು ಆ ಕಡತದ ಹೆಸರನ್ನು ಹೇಳಿಯೇ ಅಳಿಸೆಂದಾಗ ಮಾತ್ರ ಬಳಸತಕ್ಕದ್ದು.’

ಪೂರ್ಣ ವಿಳಾಸದ ಮಾತು ಬರಿಯ ಕಟ್ಟುನಿಟ್ಟಲ್ಲ. ಪ್ರೋಗ್ರಾಮುಗಳ ದೋಷ ತಿದ್ದುವ ಏಜೆಂಟನ್ನು ಕಟ್ಟುವಾಗ ಅದು ಬೇರೆ ಫೋಲ್ಡರಿಗೆ ಹೋದಮೇಲೆ ಅರ್ಧ ವಿಳಾಸ ಕೊಟ್ಟು ತಪ್ಪುತ್ತಿತ್ತೆಂದೂ, ಪೂರ್ಣ ವಿಳಾಸವನ್ನೇ ಕಡ್ಡಾಯ ಮಾಡಿದಾಗ ಆ ತಪ್ಪು ನಿಂತಿತೆಂದೂ ಆಂಥ್ರೊಪಿಕ್‌ನವರು 2024ರ ಡಿಸೆಂಬರಿನಲ್ಲಿ ಬರೆದಿದ್ದಾರೆ. ಮೌಸಿನ ವಿಷಯವೂ ಹಾಗೆಯೇ. ಎಡ ಮೇಲ್ಮೂಲೆಯಿಂದ ಎಷ್ಟು ಬಲಕ್ಕೆ, ಎಷ್ಟು ಕೆಳಕ್ಕೆ ಎಂಬ ಎರಡು ಅಂಕಿಗಳಿಂದ ಏಜೆಂಟು ಗುರಿ ಹೇಳುತ್ತದೆ. 1920 ಬಿಂದು ಅಗಲದ ಪರದೆಯನ್ನು 1024ಕ್ಕೆ ಕುಗ್ಗಿಸಿ ತೋರಿಸಿ, ಲೆಕ್ಕ ಯಾವುದರದೆಂದು ಹೇಳದಿದ್ದರೆ ಗುರಿ ತಪ್ಪುತ್ತದೆ. ‘ಉಳಿಸು’ ಗುಂಡಿಯ ನೆರೆಯಲ್ಲಿ ಯಾವ ಗುಂಡಿ ಇರುತ್ತದೆಂದು ಬಲ್ಲವರೇ ಬಲ್ಲರು.

ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಶಾಪಾಶಯ ಇರುತ್ತದೆ. ಭೂಮಿಯನ್ನು ಕಸಿದವರು ಅದಕ್ಕೆ ಅಂಜಿದರೋ ಇಲ್ಲವೋ! ‘ಬಳಸಬಾರದು’ ಎಂಬ ನಮ್ಮ ಸಾಲೂ ಬೀಗವಲ್ಲ, ಮಾತು. ಆದುದರಿಂದ ಪತ್ರಗಳ ಫೋಲ್ಡರಿನಲ್ಲಿ ಅಳಿಸುವ ಅಧಿಕಾರವನ್ನೇ ಏಜೆಂಟಿನಿಂದ ಕಿತ್ತುಕೊಂಡದ್ದಾಗಿದೆ; ಒಂದು ಪ್ರತಿ ಬೇರೆಡೆಯೂ ಇದೆ.

ಕಳೆದ ವಾರ ಪಟ್ಟಿ ಸಿದ್ಧವಾಯಿತು. 34 ಪತ್ರಗಳು ಇಸವಿಯ ಕ್ರಮದಲ್ಲಿ ಕುಳಿತಿವೆ. ತಂದೆಯವರು ಒಂದರಲ್ಲಿ, “ಹಿಂದಿನ ಕಾಗದದಲ್ಲಿ ಬರೆದಂತೆಯೇ ಮಾಡತಕ್ಕದ್ದು” ಎಂದಿದ್ದಾರೆ. ಆ ಹಿಂದಿನ ಕಾಗದ ಏಳರಲ್ಲಿ ಒಂದು.