ನಾರು ನೋಡಿ ಹಾಸಿಗೆ ಕೊಳ್ಳಿ
ಈ ವಾರ ನಮ್ಮ ಬೀದಿಯ ಮೂಲೆಯಲ್ಲಿ ಯಾರೋ ಎಸೆದ ಫೋಮ್ ಹಾಸಿಗೆಯೊಂದು ಮಳೆಯಲ್ಲಿ ನೆನೆಯುತ್ತ ಬಿದ್ದಿತ್ತು; ಕಸದ ಗಾಡಿಯವರೂ ಮುಟ್ಟಲಿಲ್ಲ. ಪೆಟ್ರೋಲಿಯಂನಿಂದ ಹುಟ್ಟಿದ ಪಾಲಿಯುರೆಥೇನ್ ಅದು, ಬೇಗ ಮಣ್ಣಾಗುವ ಜಾತಿಯಲ್ಲ. ಗಟ್ಟಿ ಹಾಸಿಗೆ ಬೇಕೆನ್ನುವವರಿಗೆ ನಾನು ಹೇಳುವುದು ತೆಂಗಿನ ನಾರಿನದನ್ನೇ. ತಿಪಟೂರು, ಅರಸೀಕೆರೆ ಸೀಮೆಯಲ್ಲಿ ಕಾಯಿ ಸುಲಿದ ಮೇಲೆ ಉಳಿಯುವ ಮಟ್ಟೆಯ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿದರೆ ಒಳ್ಳೆಯ ಬಿಗಿ ಬರುತ್ತದೆ, ಒಳಗೆ ಗಾಳಿಯೂ ಆಡುತ್ತದೆ. ಆದರೆ ಅಂಗಡಿಯಲ್ಲಿ ಹೊದಿಕೆಯ ಜಿಪ್ ತೆಗೆಸಿ ನೋಡಿ. ಕೆಲವದರಲ್ಲಿ ನಾರು ಒಂದು ಪದರ ಮಾತ್ರ, ಮಿಕ್ಕಿದ್ದು ಅದೇ ಫೋಮ್. ‘ಆರ್ಥೋ’ ಎಂಬ ಹಣೆಪಟ್ಟಿಗಂತೂ ದುಡ್ಡು ಸುರಿಯಬೇಡಿ. ತೀರಾ ಗಟ್ಟಿಯಾದಷ್ಟೂ ಬೆನ್ನಿಗೆ ಒಳ್ಳೆಯದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ: 2003ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಸ್ಪೇನ್‌ನ ಅಧ್ಯಯನದಲ್ಲಿ, ಬಹುಕಾಲದ ಸೊಂಟನೋವಿದ್ದ 313 ಮಂದಿಯ ಪೈಕಿ ಮಧ್ಯಮ ಗಟ್ಟಿಯ ಹಾಸಿಗೆ ಸಿಕ್ಕವರೇ ಹೆಚ್ಚು ಸುಧಾರಿಸಿದ್ದರು. ಹಾಗಾಗಿ ನಾರಿನ ಹಾಸಿಗೆಯ ಮೇಲೆ ಹತ್ತಿಯ ತೆಳು ಗಾದಿಯೊಂದನ್ನು ಹಾಸಿಕೊಳ್ಳಿ. ವರ್ಷ ಕಳೆದು ಹತ್ತಿ ಗಂಟುಗಟ್ಟಿದರೆ ಹೊಸದು ಕೊಳ್ಳುವ ಖರ್ಚೇ ಇಲ್ಲ. ಹಿಂಜುವವರು ಬಿಚ್ಚಿ, ಹಿಂಜಿ, ಅದೇ ಹತ್ತಿಯನ್ನು ತುಂಬಿ ಹೊಲಿದು ಕೊಡುತ್ತಾರೆ.